ಮೈಕಿನ ಗಂಟಲು

ಊರಿನವರಿಗೆಲ್ಲ ಅವನು ಮೈಕು. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಎರಡು ಕುರ್ಚಿಯ ಕ್ಷೌರದಂಗಡಿ ಅವನದು. ಅಡ್ಡಹೆಸರು ಬಂದದ್ದು ಮಾತ್ರ ಫುಟ್‌ಬಾಲಿನಿಂದ. ಊರಿನ ತಂಡ ಪರ ಊರಿಗೆ ಆಡಲು ಹೋದಾಗಲೆಲ್ಲ ಅಂಗಡಿಗೆ ಬೀಗ ಜಡಿದು ಬಸ್ ಹತ್ತುತ್ತಿದ್ದ. ಬಸ್ ಓಡಿಸುತ್ತಿದ್ದವನು ಅವನ ಹೆಂಡತಿಯ ತಮ್ಮ. ಎದುರಾಳಿಗಳ ಮೈದಾನದ ಒಂದು ಮೂಲೆಯಲ್ಲಿ, ಬೇಲಿಯ ಹಿಂದೆ, ಮೈಕು ಹಾಡು ಎತ್ತಿಕೊಟ್ಟರೆ ಬಸ್ಸಿನಲ್ಲಿ ಬಂದವರೆಲ್ಲ ಗಂಟಲು ಹರಿಯುವಂತೆ ಕೂಗುತ್ತಿದ್ದರು.

ಕ್ಷೌರಕ್ಕೆ ಕೂತವರಿಗೆ ಕಥೆ ಬಿಟ್ಟಿ. ಒಮ್ಮೆ ಗೋದಾಮಿನ ಪಕ್ಕದ ಮೈದಾನದಲ್ಲಿ ಇವರ ಕೂಗು ತಗಡಿನ ಮಾಡಿಗೆ ಬಡಿದು ಎಷ್ಟು ದೊಡ್ಡದಾಯಿತೆಂದರೆ, ಎದುರು ತಂಡದ ಗೋಲ್‌ಕೀಪರ್ ಬೆಚ್ಚಿ ಹಿಂತಿರುಗಿ ನೋಡಿದ್ದ. ಇನ್ನೊಮ್ಮೆ ಜಡಿಮಳೆಯಲ್ಲಿ ಹೀನಾಯವಾಗಿ ಸೋತ ಮೇಲೂ ಇವರು ಹಾಡು ನಿಲ್ಲಿಸಿರಲಿಲ್ಲ. ಗೇಟು ಮುಚ್ಚಲು ಬಂದ ಕಾವಲುಗಾರನೂ ನಿಂತು ತಾಳ ಹಾಕಿದ್ದ. ಗೆದ್ದ ಪಂದ್ಯಗಳು ಮೈಕುವಿಗೆ ಅಷ್ಟಾಗಿ ನೆನಪಿರುತ್ತಿರಲಿಲ್ಲ. “ಗೆಲ್ಲೋದು ಆಟಗಾರರ ಕೆಲಸ, ಸದ್ದು ನಮ್ದು” ಅನ್ನುತ್ತಿದ್ದ. ಕಥೆ ರಂಗೇರಿದರೆ ಗಿರಾಕಿ ಅರ್ಧ ಮೀಸೆಯಲ್ಲೇ ಕೂತಿರಬೇಕಾಗುತ್ತಿತ್ತು.

ಅವನ ದನಿ ಒಡೆದಾಗ ಎಲ್ಲರೂ ತಮಾಷೆ ಮಾಡಿದರು, ಕೂಗಿ ಕೂಗಿ ಬ್ಯಾಟರಿ ಮುಗಿದಿದೆ ಎಂದು. ಹೆಂಡತಿ ಮಾತ್ರ ನಗಲಿಲ್ಲ. ಅವಳ ಕಾಟ ತಾಳಲಾರದೆ ಆಸ್ಪತ್ರೆಗೆ ಹೋದಾಗ, ಕ್ಯಾನ್ಸರ್, ಧ್ವನಿಪೆಟ್ಟಿಗೆ ತೆಗೆಯದಿದ್ದರೆ ಜೀವ ಉಳಿಯುವುದಿಲ್ಲ ಎಂದರು. ತೆಗೆದರು.

ಕುತ್ತಿಗೆಯಲ್ಲಿ ಉಸಿರಾಡಲು ಒಂದು ತೂತು, ಅದರ ಮೇಲೆ ತೆಳು ಬಟ್ಟೆ. ಮೊದಮೊದಲು ಗಿರಾಕಿಗಳು ಮರುಕದಿಂದ ಬಂದರು. ಕನ್ನಡಿಯಲ್ಲಿ ಆ ಬಟ್ಟೆ ಒಳಗೆ ಹೊರಗೆ ಆಡುವುದನ್ನು ನೋಡುತ್ತ ಕೂರಲಾರದೆ, ಒಬ್ಬೊಬ್ಬರಾಗಿ ಟಿವಿ ಇದ್ದ ಅಂಗಡಿಯ ಕಡೆ ಹೊರಳಿದರು. ಹೆಂಡತಿ ಅವನ ತುಟಿ ನೋಡಿ ಮಾತು ತಿಳಿಯುವುದನ್ನು ಕಲಿತಳು.

ಮರುವರ್ಷ ಪಂದ್ಯಗಳು ಶುರುವಾದಾಗ ಭಾವಮೈದುನ ಬಂದು ಕೂತ. “ಬನ್ನಿ ಭಾವ. ಸುಮ್ನೆ ನಿಂತ್ಕೊಂಡ್ರೂ ಸಾಕು.” ಧೂಳು ಆಗದು ಎಂದು ಅಕ್ಕ ತಡೆದಳು. ಮೈಕು ಆಗಲೇ ಚಪ್ಪಲಿ ಮೆಟ್ಟಿದ್ದ.

ಬಸ್ಸಿನಲ್ಲಿ ಅವನಿಗೆ ಮುಂದಿನ ಸೀಟು ಬಿಟ್ಟುಕೊಟ್ಟರು, ಕಿಟಕಿ ಮುಚ್ಚಿದರು, ರೋಗಿ ಮಲಗಿದ ಮನೆಯಲ್ಲಿ ಆಡುವಂತೆ ಮೆಲ್ಲಗೆ ಮಾತಾಡಿದರು. ಮೈದಾನದಲ್ಲಿ ಹಾಡು ಎತ್ತಿದವನು ಕರೆಂಟಿನ ಲೈನ್‌ಮನ್. ಎರಡನೆಯ ಸಾಲಿಗೆ ಮೊದಲು ಮೈಕು ಒಂದು ಉಸಿರು ತಡೆದು ಜನರನ್ನು ಕಾಯಿಸುತ್ತಿದ್ದ. ಲೈನ್‌ಮನ್ ಕಾಯಿಸದೆ ನುಗ್ಗಿದ. ಜನವೂ ನುಗ್ಗಿತು. ಸದ್ದು ಹಿಂದೆಂದಿಗಿಂತ ದೊಡ್ಡದಾಗಿತ್ತು. ಮೈಕು ಬಾಯಿ ತೆರೆದ. ಕುತ್ತಿಗೆಯಿಂದ ಸುಂಯ್ ಎಂದು ಗಾಳಿ ಹೊರಟು ಬಟ್ಟೆ ಪಟಪಟಿಸಿತು.

ಗೋಲು ಬಿದ್ದಾಗ ಎಲ್ಲರೂ ಒಬ್ಬರನ್ನೊಬ್ಬರು ತಬ್ಬಿಕೊಂಡರು. ಇವನನ್ನು ತಬ್ಬಲು ಬಂದವನು ಕುತ್ತಿಗೆ ನೋಡಿ ನಿಂತು, ಭುಜ ತಟ್ಟಿ ಆಚೆ ಹೋದ. ಮೈಕು ಗ್ಯಾಲರಿಯ ಮೆಟ್ಟಿಲ ಮೇಲೆ ಕೂತ. ಆಮೇಲೆ ಅವನಿಗೆ ಕಂಡದ್ದು ಮುಂದಿನವರ ಬೆನ್ನುಗಳು ಮಾತ್ರ.

ಹೇಗಿತ್ತೆಂದು ಹೆಂಡತಿ ಕೇಳಿದಳು. ಚೆನ್ನಾಗಿತ್ತು ಎಂದು ತುಟಿ ಆಡಿಸಿದ. ಮತ್ತೆಂದೂ ಬಸ್ ಹತ್ತಲಿಲ್ಲ.

ಚಳಿಗಾಲಕ್ಕೆ ರೋಗ ಶ್ವಾಸಕೋಶಕ್ಕೆ ಇಳಿಯಿತು. ಆಸ್ಪತ್ರೆಯಲ್ಲಿದ್ದಾಗ ಭಾವಮೈದುನ ಒಂದು ಪಂದ್ಯದ ಕೂಗನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ತಂದು, ಕಿವಿಯ ಹತ್ತಿರ ಹಿಡಿದ. ಮೈಕು ಸ್ವಲ್ಪ ಹೊತ್ತು ಕೇಳಿದ. ಆಮೇಲೆ ಕೈಯಿಂದ ಫೋನನ್ನು ಪಕ್ಕಕ್ಕೆ ಸರಿಸಿ ತುಟಿ ಆಡಿಸಿದ.

“ಏನಂತಾರೆ ಅಕ್ಕಾ?”

ಅವಳು ಹೊದಿಕೆ ಸರಿಮಾಡಿದಳು. “ನಿದ್ದೆ ಬರ್ತಿದೆಯಂತೆ.”

ನನ್ನ ಹಾಡು ಈಗ ಅವರದ್ದೇ ಆಯ್ತು, ನಾನು ಯಾಕೆ ಬೇಕು ಎಂದಿದ್ದ ಅವನು. ಕೆಲವು ದಿನಗಳಲ್ಲಿ ತೀರಿಕೊಂಡ. ಭಾವ ಆ ಕೂಗು ಕೇಳುತ್ತ ನೆಮ್ಮದಿಯಿಂದ ಮಲಗಿದರು ಎಂದು ಭಾವಮೈದುನ ಬಸ್ಸಿನಲ್ಲಿ ಎಲ್ಲರಿಗೂ ಹೇಳುತ್ತಾನೆ. ಅಕ್ಕ ತಿದ್ದಲು ಹೋಗಿಲ್ಲ.