ಕೊಕ್ಕೆಗೆ ಕಟ್ಟಿದ ನೀರು

ಗಾಜಿನಾಚೆ ಹದ್ದೊಂದು ಇವನ ಕಾಲ ಕೆಳಗೇ ಸುತ್ತು ಹಾಕುತ್ತಿದೆ, ಪುಣ್ಯಾತ್ಮ ಹದ್ದು, ಬಾಯಾರಿದರೆ ಸುಮ್ಮನೆ ಇಳಿಯಬಹುದು, ಅದಕ್ಕೇನು ಏಣಿಯ ಹಂಗೇ — ಕ್ರೇನಿನ ನೆತ್ತಿಯ ಈ ಗಾಜಿನ ಗೂಡು ಮಧ್ಯಾಹ್ನಕ್ಕೆ ಕಾದ ಕಾವಲಿ, ನಾಲಿಗೆ ಅಂಗುಳಕ್ಕೆ ಅಂಟಿದೆ, ಬೆವರೂ ನಿಂತುಹೋಗಿದೆ, ಬೆವರು ನಿಂತರೆ ಗಂಡಾಂತರ ಎನ್ನುತ್ತಿದ್ದವಳು ಹೆಂಡತಿ, ಬಾಯಾರೋವರೆಗೂ ಕಾಯಬೇಡಿ, ಗುಟುಕು ಗುಟುಕಾಗಿ ಕುಡೀತಾ ಇರಿ, ಇವನು ನಗುತ್ತಿದ್ದ, ಕುಡಿದರೆ ಇಳೀಬೇಕಲ್ಲೇ, ಇಳಿದರೆ ಮತ್ತೆ ಹತ್ತಬೇಕು, ಕ್ರೇನು ನಡೆಸುವವರೆಲ್ಲ ಹೊಟ್ಟೆ ಒಣಗಿಸಿಕೊಂಡೇ ಮೇಲೆ ಬರುವುದು, ಆದರೂ ಬಾಟಲಿಯ ದಾರವನ್ನು ಅವಳೇ ಕೊರಳಿಗೆ ಹಾಕಿ ಕಳಿಸುತ್ತಿದ್ದಳು, ಅವಳು ತೀರಿಕೊಂಡ ಮೇಲೆ ಇದು ಮೊದಲ ಬೇಸಿಗೆ, ಬಾಟಲಿ ಇವತ್ತು ಏಣಿಯ ಬುಡದಲ್ಲೇ ಉಳಿದುಹೋಯಿತು, ಹೇಳುವವರಿಲ್ಲ ಕೇಳುವವರಿಲ್ಲ, ಊರಿಗೆ ಊರೇ ಕಣ್ಣ ಕೆಳಗಿದ್ದರೂ ಎಂಥ ಒಂಟಿತನ — ತಲೆ ಸುತ್ತುತ್ತಿದೆ, ಈಗಷ್ಟೇ ಇಳಿಸಿದ ಕಬ್ಬಿಣದ ಕಂತೆ ಗುರುತು ಬಿಟ್ಟು ಮೊಳದಾಚೆ ಕೂತಿತು, ಕೆಲಸದವರು ದಿಕ್ಕಾಪಾಲಾಗಿ ಓಡಿದರು, ಒಬ್ಬನ ಕಾಲಾದರೂ ಸಿಕ್ಕಿದ್ದರೆ, ರೇಡಿಯೋದಲ್ಲಿ ಕೆಳಗೆ ನಿಂತು ಕ್ರೇನಿಗೆ ಸನ್ನೆ ಮಾಡುವವನ ದನಿ, ಏನಣ್ಣಾ ಹುಷಾರಿಲ್ವಾ, ನೀರು ಕೊಟ್ಟು ಯಾರನ್ನಾದ್ರೂ ಮೇಲೆ ಕಳಿಸ್ಲಾ, ಬೇಡ ಅಂದ ಇವನು, ಅವಳು ಹೋದಮೇಲೆ ಎಲ್ಲರಿಗೂ ಹೇಳಿದ ಮಾತು ಅದೊಂದೇ, ಬೇಡ, ಯಾರ ಉಸಾಬರಿಯೂ ಬೇಡ, ಏಣಿ ಬುಡದಲ್ಲಿ ನನ್ನ ಬಾಟಲಿ ಇದೆ, ಕೊಕ್ಕೆಗೆ ಕಟ್ಟು, ನಾನೇ ಎಳ್ಕೋತೀನಿ — ಅವನು ಕಟ್ಟಿದ, ಇವನು ಎತ್ತಿದ, ನೀಲಿ ಬಾಟಲಿ ತೂಗುತ್ತ ತೂಗುತ್ತ ಏರಿ ಬಂತು, ಕೊಕ್ಕೆಯನ್ನು ಹತ್ತಿರಕ್ಕೆ ಜರುಗಿಸಿದ, ಇನ್ನೂ ಹತ್ತಿರ, ಅಲ್ಲೇ ನಿಂತಿತು, ಗೂಡಿಗೆ ತಾಗದಂತೆ ಯಂತ್ರವೇ ಅದನ್ನು ದೂರ ನಿಲ್ಲಿಸುತ್ತದೆ, ಇಷ್ಟು ವರ್ಷ ನಡೆಸಿದವನಿಗೆ ಅದು ಗೊತ್ತಿಲ್ಲವೇ, ಬಾಯಾರಿಕೆ ಬುದ್ಧಿಯನ್ನೂ ಕುಡಿದುಬಿಟ್ಟಿದೆ, ಕೈಗೆ ಬಂದ ತುತ್ತು ಬಾಯಿಗಿಲ್ಲ ಅಂತಾರಲ್ಲ, ಇವನದು ಕೈಗೂ ಬರಲಿಲ್ಲ, ಬಾಗಿಲು ತೆರೆದ, ಕಂಬಿ ಹಿಡಿದು ಬಾಗಿದ, ಬೆರಳು ಚಾಚಿದ, ಇನ್ನೂ ಒಂದು ಮಾರು, ಒಂದು ಕಾಲು ಆಚೆಗಿಟ್ಟರೆ ಸಿಕ್ಕೀತೇನೋ, ಇಟ್ಟ, ಕಾಲ ಕೆಳಗೆ ಬರೀ ಬಿಸಿಲು, ಬಿದ್ದರೂ ಅಳುವವರು ಯಾರಿದ್ದಾರೆ ಅನ್ನಿಸಿತು, ಅನ್ನಿಸಿದ್ದಕ್ಕೇ ಭಯವಾಯಿತು, ಸಿಕ್ತಾ ಅಣ್ಣಾ ಅಂತು ರೇಡಿಯೋ, ಕಾಲು ಒಳಗೆಳೆದುಕೊಂಡ, ನೆಲಕ್ಕೆ ಕುಸಿದು ಕೂತ, ರೇಡಿಯೋದ ಗುಂಡಿ ಒತ್ತಿದ, ಸಿಗ್ಲಿಲ್ಲ ಕಣಪ್ಪಾ, ನನ್ನಿಂದ ಆಗ್ತಿಲ್ಲ, ಯಾರನ್ನಾದ್ರೂ ಕಳಿಸು — ಬಂದೇ ಇರಣ್ಣಾ, ನಾನೇ ಬಂದೆ, ಏಣಿ ದಡದಡ ಅದುರಿತು, ಏಣಿ ಬಲು ಉದ್ದ, ಕಣ್ಣು ಮುಚ್ಚಬಾರದು, ಮುಚ್ಚಬಾರದು, ಗಾಜಿನಾಚೆ ಬಾಟಲಿ, ಅದರೊಳಗೆ ನೀರು ಅತ್ತ ಇತ್ತ, ಅತ್ತ ಇತ್ತ, ಬಾಟಲಿ, ನೀಲಿ ಬಾಟಲಿ