ಆರನೇ ನಂಬರಿನ ಜಗಳ, ಮೊದಲರ್ಧ

೧

ಎಲ್ಲಿಂದ ಶುರು ಮಾಡಲಿ? ನಮ್ಮ ರಗ್ಬಿ ತಂಡದ ಹೊಸ ಕೋಚ್ ಸಗ್ಡೆನ್‌ನಿಂದ ಶುರು ಮಾಡಿದರೆ ಅದು ಪೇಪರಿನವರ ಕೆಲಸವಾಗುತ್ತದೆ. ಅವನು ತಂಡದಿಂದ ತೆಗೆದುಹಾಕಿದ ರಿಚಿ ನಿಕಲ್ಸನ್‌ನಿಂದ ಶುರು ಮಾಡಿದರೆ ನೀವು ಮೊದಲ ಸಾಲಿಗೇ ಅಯ್ಯೋ ಪಾಪ ಅಂದುಬಿಡುತ್ತೀರಿ, ಆಮೇಲೆ ನನಗೆ ಹೇಳುವುದಕ್ಕೆ ಏನೂ ಉಳಿಯುವುದಿಲ್ಲ. ಎರಡನ್ನೂ ಬರೆದು ನೋಡಿದೆ, ಎರಡನ್ನೂ ಹರಿದೆ. ಸಮುದ್ರದ ಗಾಳಿಯಿಂದ ಶುರು ಮಾಡೋಣವೆಂದರೆ, ಇಂಗ್ಲೆಂಡಿನ ಕಡಲಂಚಿನ ನಮ್ಮ ಊರು ಹಾರ್ಬೆಕ್‌ನಲ್ಲಿ ಗಾಳಿ ಯಾವತ್ತು ಶುರುವಾಯಿತೆಂದು ಹೇಳಬಲ್ಲವರು ಯಾರೂ ಬದುಕಿಲ್ಲ.

ಆದ್ದರಿಂದ ಜಾಸ್ ಫಿಯರನ್. ರೈಲುಕಂಬಿ ಮಾಡುವ ಕಾರ್ಖಾನೆಯಲ್ಲಿ ದುಡಿದು, ಅದು ಮುಚ್ಚಿದ ಮೇಲೆ ಮನೆ ಸೇರಿದವನು. ಈಗ ವಯಸ್ಸಾಗಿದೆ. ಒಬ್ಬನೇ ಇದ್ದಾನೆ.

"ಮೂರನೇ ಆಯ್ಕೆ ನಾನು, ಅಲ್ವಾ?" ಅಂದ ಜಾಸ್, ಹಾಳೆಯೊಳಗಿಂದ.

"ಮೂರನೆಯವನಾದರೂ ಮೈದಾನಕ್ಕೆ ಇಳಿದೆಯಲ್ಲ."

"ಯಾಕೆ ಒಬ್ನೇ ಇದೀನಿ ಅಂತಾನೂ ಬರೀತೀಯಾ?"

"ಬರೀಬೇಕಾ?"

"ಬೇಡ. ಅದು ನನ್ನ ಮನೆ ವಿಚಾರ."

(ಇದರಿಂದ ಕಥೆಯ ಅರ್ಧ ಕಣ್ಣೀರು ಖರ್ಚಾಗದೆ ಉಳಿಯಿತು. ಏನು ಮಾಡುವುದೆಂದು ತಿಳಿಯದೆ ನಾನು ಟೀ ಕುಡಿದೆ.)

೨

ಭಾನುವಾರ ಮಧ್ಯಾಹ್ನ ನಮ್ಮ ಊರಿನ ತಂಡ ಕಿಲ್ನ್ ರೋಡ್ ಮೈದಾನದಲ್ಲಿ ಆಡುತ್ತದೆ. ರಗ್ಬಿ ಲೀಗ್: ಹದಿಮೂರು ಜನ ಚೆಂಡನ್ನು ಕಂಕುಳಲ್ಲಿಟ್ಟುಕೊಂಡು ಎದುರಾಳಿಯ ಗೆರೆಯಾಚೆ ಊರಲು ಓಡುತ್ತಾರೆ, ಓಡುವವನನ್ನು ಹಿಡಿದು ಕೆಡವುವುದೇ ಟ್ಯಾಕಲ್. ಆರನೇ ನಂಬರಿನವನು ತಂಡವನ್ನು ಆಡಿಸುವವನು. ಅಡಿಗೆಯವರಿಗೂ ಪಂಕ್ತಿಗೂ ನಡುವೆ ನಿಂತು, "ಇತ್ತ ಸಾರು, ಅತ್ತ ಅನ್ನ" ಎಂದು ಕೂಗುವವನಿರುತ್ತಾನಲ್ಲ, ಹಾಗೆ. ನಮ್ಮ ಜನ ಕೂರುವುದಿಲ್ಲ, ನಿಲ್ಲುತ್ತಾರೆ. ನಮ್ಮ ತಂಡ ಯಾವ ತುದಿಯ ಕಡೆಗೆ ನುಗ್ಗುತ್ತದೋ ಆ ತುದಿಯಲ್ಲಿ ನಿಲ್ಲುತ್ತಾರೆ. ಹಾಫ್ ಟೈಮಿಗೆ ತಂಡಗಳು ತುದಿ ಬದಲಿಸಿದರೆ ನಮ್ಮ ಜನರೂ ಬಿಸಿ ಮಾಂಸದ ಪೈ ಹಿಡಿದುಕೊಂಡು ಆ ತುದಿಗೆ ನಡೆಯುತ್ತಾರೆ. ಹೆಚ್ಚಿನವರು ಟೀ ಅಂಗಡಿಯ ಕಡೆಯಿಂದ. ಜಾಸ್ ಮತ್ತು ಡೋರೀನ್ ಮಾತ್ರ ರೈಲ್ವೆ ಗೋಡೆಯ ಕಡೆಯಿಂದ, ಅಲ್ಲಿ ಜನ ಕಡಿಮೆ, ಗಟ್ಟಿಯಾಗಿ ಬೈಯಬಹುದು.

ಡೋರೀನ್ ಐಲ್‌ಬೆಕ್ ಎಂದು ಪೂರ್ತಿ ಹೆಸರು; ಶಾಲೆಯ ಅಡಿಗೆಮನೆಯಲ್ಲಿ ಕೆಲಸಕ್ಕಿದ್ದವಳು, ಈಗ ಮಗಳ ಮನೆಯಲ್ಲಿದ್ದಾಳೆ. ಆ ಮನೆ ತುಂಬ ಮೊಮ್ಮಕ್ಕಳು, ಎರಡು ನಾಯಿ, ಒಂದು ಗಿಣಿ. ಅವಳಿಗೆ ಮಾತಿಗೆ ಬರಗಾಲವಿಲ್ಲ. ಜಾಸ್‌ಗಿದೆ. ಈ ವ್ಯತ್ಯಾಸ ನೆನಪಿರಲಿ.

ಹಳೆ ಕೋಚ್ ಇದ್ದಷ್ಟು ದಿನ ಇಬ್ಬರೂ ಸೇರಿ ಅವನನ್ನು ಬೈಯುತ್ತಿದ್ದರು. ಬೈಯುವುದಕ್ಕೆ ಒಬ್ಬನಿದ್ದರೆ ಇಬ್ಬರಿಗೆ ಮಾತು ಸಾಲದೆ ಹೋಗುವುದಿಲ್ಲ. ಅವನನ್ನು ಕಳಿಸಿದರು. ಬೆಟ್ಟದಾಚೆಯಿಂದ, ಯಾರ್ಕ್‌ಷೈರ್ ಕಡೆಯಿಂದ, ಸಗ್ಡೆನ್ ಬಂದ.

೩

ಮೊದಲ ಆಟಕ್ಕೇ ಸಗ್ಡೆನ್ ನಮ್ಮ ಊರಿನ ಮುದ್ದಿನ ಆರನೇ ನಂಬರು ರಿಚಿಯನ್ನು ತೆಗೆದ. ಆ ಜಾಗಕ್ಕೆ ಕತ್ತೇ ಇಲ್ಲದ ಒಬ್ಬ ದಾಂಡಿಗನನ್ನು ನಿಲ್ಲಿಸಿದ. ಜನ ಆ ದಾಂಡಿಗನಿಗೆ ಅವತ್ತೇ ಕಪಾಟು ಎಂದು ಹೆಸರಿಟ್ಟರು. ರಿಚಿಯನ್ನು ಹದಿನೆಂಟನೆಯವನನ್ನಾಗಿ ಮಾಡಿದ: ಎಲ್ಲರ ಜತೆ ಬೂಟು ಕಟ್ಟುವುದು, ಎಲ್ಲರ ಜತೆ ಮೈ ಬಿಸಿ ಮಾಡಿಕೊಳ್ಳುವುದು, ಆಟ ಶುರುವಾಗುವಾಗ ಟ್ರ್ಯಾಕ್‌ಸೂಟ್ ಏರಿಸಿಕೊಂಡು ಅಂಚಿನಲ್ಲಿ ಕೂರುವುದು. ಆಡುವ ಹದಿಮೂರು, ಬದಲಿ ನಾಲ್ಕು, ಆ ಹದಿನೇಳು ಮಂದಿಯಲ್ಲಿ ಯಾರಿಗೂ ಏನೂ ಆಗದಿದ್ದರೆ ಸ್ನಾನವೂ ಬೇಕಾಗದೆ ಮನೆಗೆ ಹೋಗುವುದು.

ಜಾಸ್‌ಗೆ ಸ್ವಲ್ಪ ಹೊತ್ತಿನಲ್ಲೇ ತಿಳಿಯಿತು. ಎದುರಾಳಿಗಳು ಇಷ್ಟು ವರ್ಷ ರಿಚಿ ನಿಂತ ಕಡೆಗೇ ಓಡಿ ಬರುತ್ತಿದ್ದರು, ಅವನು ಹಿಡಿಯಲಾರ ಎಂದು ಗೊತ್ತಿದ್ದು. ಇವತ್ತು ಅದೇ ದಾರಿಯಲ್ಲಿ ಬಂದವರು ಕಪಾಟಿಗೆ ಬಡಿದು ಬಿದ್ದರು.

"ಸರಿ ಮಾಡಿದಾನೆ," ಅಂದ ಜಾಸ್.

"ಸರಿಯಾಗೇ ಮಾಡಿದಾನೆ," ಅಂದಳು ಡೋರೀನ್.

ಮಾತು ಅಷ್ಟೇ. ಮುಗಿಯಿತು. ಇನ್ನೂ ಮುಕ್ಕಾಲು ಆಟ ಬಾಕಿ ಇತ್ತು. ಗೆದ್ದರು. ಹಾಫ್ ಟೈಮಿಗೆ ಗೋಡೆಯ ಪಕ್ಕ ಇಬ್ಬರೂ ನಡೆದದ್ದು ಹೆಣದ ಹಿಂದೆ ನಡೆದ ಹಾಗಿತ್ತು. ಬಸ್ ನಿಲ್ದಾಣದಲ್ಲಿ "ಬರ್ತೀನಿ" ಅಂದು ಅವಳು ಹತ್ತಿದಳು. ಅದಾದ ಮೇಲೆ ಜಾಸ್‌ನೊಡನೆ ಮಾತಾಡಿದ ಮೊದಲ ಮನುಷ್ಯಪ್ರಾಣಿ ಅಂಗಡಿಯ ಹುಡುಗಿ. "ಚೀಲ ಬೇಕಾ?" ಅಂದಳು. ಅದು ಗುರುವಾರ.

೪

ಮುಂದಿನ ಆಟಕ್ಕೆ ಜಾಸ್ ಬೇಗ ಬಂದು ಮೈದಾನದಂಚಿನ ಕಂಬಿ ಹಿಡಿದು ನಿಂತಿದ್ದ. ಡೋರೀನ್ ಬಂದು ಕೈಚೀಲ ಇಳಿಸುವಷ್ಟೂ ತಡೆಯಲಿಲ್ಲ.

"ತಲೆ ಕೆಟ್ಟಿದೆ ಇವನಿಗೆ."

"ಯಾರಿಗೆ?"

"ಸಗ್ಡೆನ್‌ಗೆ. ರಿಚೀನ ತೆಗ್ದು ಕಪಾಟು ನಿಲ್ಸಿದಾನಲ್ಲ. ಕಪಾಟು ಪಾಸು ಕೊಡತ್ತಾ? ಬಾಗ್ಲು ತೆಗ್ದು ಹಳೇ ಕೋಟು ಕೊಡತ್ತೆ ಅಷ್ಟೆ."

"ಹೋದ್ಸಲ ಸರಿ ಅಂದ್ಯಲ್ಲೋ!"

"ಹೋದ್ಸಲ ಕನ್ನಡಕ ತಂದಿರ್ಲಿಲ್ಲ, ಮಾರಾಯ್ತಿ."

"ಮೂಗಿನ ಮೇಲೇ ಇತ್ತು, ಮುದಿಯಾ! ರಿಚಿ ಟ್ಯಾಕಲ್ ಮಾಡೋದನ್ನ ನೀನು ನೋಡಿದೀಯಾ? ಬಸ್ಸಲ್ಲಿ ಅಜ್ಜೀಗೆ ಸೀಟು ಬಿಟ್ಕೊಟ್ಟ ಹಾಗೆ ಪಕ್ಕಕ್ಕೆ ಸರೀತಾನೆ."

"ಅವನಪ್ಪನೂ ಸರೀತಿದ್ದ. ಆದ್ರೂ ಕಪ್ ತಂದ."

"ಅವನಪ್ಪನ ಹಿಂದೆ ಹಿಡಿಯೋಕೆ ಬೇರೆ ಹನ್ನೆರಡು ಜನ ಇದ್ರು!"

ಅವಳ ಕೆನ್ನೆ ಕೆಂಪಾಯಿತು. ಜಾಸ್‌ಗೆ ಒಳಗೆ ಒಲೆ ಹಚ್ಚಿದ ಹಾಗಾಯಿತು. ಇಡೀ ಆಟ ಜಗಳ, ಗೋಡೆಯುದ್ದಕ್ಕೂ ಜಗಳ. ಬಸ್ ನಿಲ್ದಾಣದಲ್ಲಿ ಡೋರೀನ್‌ಳ ಬಸ್ಸು ಬಂತು, ಬಾಗಿಲು ತೆರೆಯಿತು. "ನೀವು ಹೋಗಿ, ನಮ್ದಿನ್ನೂ ಮುಗ್ದಿಲ್ಲ" ಎಂದು ಅವಳು ಡ್ರೈವರನಿಗೆ ಕೈ ಬೀಸಿ ಕಳಿಸಿಬಿಟ್ಟಳು.

ಒಂದು ಬಸ್ಸು ಬಿಟ್ಟಳು. ಜಾಸ್ ಅದನ್ನು ನೋಡಿದ.

೪, ಮತ್ತೆ

ಇಲ್ಲಿ ನಾನು ಅವನನ್ನು ತಡೆದು ಕೇಳಿದೆ: "ಸಗ್ಡೆನ್ ಮಾಡಿದ್ದೇ ಸರಿ ಅಂತ ನಿನಗೆ ಗೊತ್ತಲ್ಲ?"

"ಗೊತ್ತು."

"ಮತ್ತೆ?"

"ಸರಿ ಅಂದ್ರೆ ಮನೆಗೆ ಹೋಗ್ಬೇಕಲ್ಲ."

೫

ಈ ಭಾಗವನ್ನು ತೆಗೆದಿದ್ದೇನೆ. ಅದರಲ್ಲಿ ಜಾಸ್‌ನ ಅಡಿಗೆಮನೆ ಇತ್ತು, ಒಂದು ತಟ್ಟೆ ಇತ್ತು, ಕನ್ನಡಿಯ ಮುಂದೆ ನಿಂತು ಮುಂದಿನ ಭಾನುವಾರದ ವಾದವನ್ನು ಅವನು ಹೇಳಿ ನೋಡಿಕೊಳ್ಳುವುದಿತ್ತು. ಚೆನ್ನಾಗಿಯೇ ಬಂದಿತ್ತು. ಜಾಸ್ ಬೇಡ ಅಂದ. ಈಗ ಅದು ಹದಿನೆಂಟನೆಯವನ ಹಾಗೆ ಅಂಚಿನಲ್ಲಿ ಕೂತಿದೆ. (ಯಾವುದಾದರೂ ಭಾಗ ಕಾಲು ಉಳುಕಿಸಿಕೊಂಡರೆ ಕರೆಯುತ್ತೇನೆ.)

೬

ಊರ ಬಾಯಿಗೆ ಮುಚ್ಚಳವಿಲ್ಲ. ಜಾಸ್ ಡೋರೀನ್‌ಗಾಗಿ ಆಡಿದ ಮಾತು ಪಕ್ಕದವನ ಕಿವಿಗೆ ಬಿತ್ತು, ಪಕ್ಕದವನಿಂದ ಪಬ್ಬಿಗೆ ಹೋಯಿತು. ಮೂರನೇ ಆಟದ ಹೊತ್ತಿಗೆ "ಹಳೇ ಕೋಟು" ಎಂಬುದು ಊರಿನ ಗಾದೆಯಾಗಿತ್ತು. ನಾಲ್ಕನೇ ಆಟಕ್ಕೆ ಯಾರೋ ಹಾಸಿಗೆಯ ಚಾದರದ ಮೇಲೆ ಕಪಾಟಿನ ಚಿತ್ರ ಬರೆದು ತಂದು ಬೀಸಿದರು. ರಿ-ಚಿ, ರಿ-ಚಿ ಎಂದು ಇಡೀ ತುದಿ ಕೂಗಿತು. ತಂಡ ಗೆಲ್ಲುತ್ತಲೇ ಇತ್ತು, ಜನ ಬೈಯುತ್ತಲೇ ಇದ್ದರು. (ನಮ್ಮ ಊರಿನಲ್ಲಿ ಇವೆರಡಕ್ಕೂ ಸಂಬಂಧವಿಲ್ಲ.)

ಸಗ್ಡೆನ್ ಮೀನು-ಚಿಪ್ಸ್ ಅಂಗಡಿಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದ. ಒಂದು ಸಂಜೆ ಸಾಲಿನಲ್ಲಿ ಜಾಸ್ ಅವನ ಹಿಂದೆಯೇ ನಿಂತಿದ್ದ. ಮುಂದಿದ್ದವರು ಸಗ್ಡೆನ್‌ನಿಂದ ಒಂದು ಹೆಜ್ಜೆ ದೂರ ಸರಿದರು. ಅವನು ಒಂದು ಮೀನು ಕೇಳಿದ. ಒಂದೇ ಒಂದು, ಎಂದು ಮತ್ತೆ ಹೇಳಿದ, ಅಂಗಡಿಯವಳು ಕೇಳದಿದ್ದರೂ. ತಿರುಗಿದಾಗ ಜಾಸ್ ಕಂಡ.

"ಚಳಿ," ಅಂದ ಸಗ್ಡೆನ್.

"ಹೌದು," ಅಂದ ಜಾಸ್.

ಇನ್ನೊಂದು ಮಾತು ಜಾಸ್‌ನ ನಾಲಿಗೆಯವರೆಗೆ ಬಂದಿತ್ತೆಂದು ನನಗೆ ಗೊತ್ತು, ನಾನೇ ಬರೆದಿದ್ದೆ. ಅವನು ನುಂಗಿಕೊಂಡ.

೭

ಆಮೇಲೆ ಕ್ಲಬ್ಬಿನವರು ಒಂದು ಸಂಜೆ ಸಭೆ ಕರೆದರು: ಕೋಚ್ ಮುಂದೆ ಊರವರು, ಊರವರ ಮುಂದೆ ಕೋಚ್. ಬಟಾಣಿಯ ಜತೆ ಪೈ ಕೊಟ್ಟರು. ಕಾರ್ಯದರ್ಶಿ ಮೈಕನ್ನು ನೇರವಾಗಿ ಜಾಸ್ ಕೈಗೆ ತುರುಕಿದ.

"ನಮ್ಮೆಲ್ಲರ ಪರವಾಗಿ ಜಾಸ್ ಮಾತಾಡ್ತಾನೆ. ಬಿಡಬೇಡ ಮಾರಾಯ, ಕೋಟು ಬಿಚ್ಚಿಸು!"

ಜನ ಮೇಜು ಬಡಿದರು. ಎರಡನೇ ಸಾಲಿನಲ್ಲಿ ಡೋರೀನ್ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅವಳ ಕಣ್ಣು ಹೊಳೆಯುತ್ತಿತ್ತು. ಜಾಸ್ ಏನೆಂದರೂ ತಿರುಗೇಟು ಕೊಡಲು ತಯಾರಾಗಿದ್ದಳು.

ಸಗ್ಡೆನ್ ಮೊದಲು ಮಾತಾಡಿದ. ನಿದ್ದೆಗೆಟ್ಟ ಮುಖ. "ಫಿಯರನ್ ಅವರೇ, ನಾನು ಹೊಸಬ, ನೀವು ಇಲ್ಲೇ ಹುಟ್ಟಿದವರು. ಈ ಊರಲ್ಲಿ ಆಟದ ಬಗ್ಗೆ ತಲೆ ಓಡಿಸಿ ಬೈಯೋರು ನೀವೊಬ್ರೇ ಅಂತ ಕೇಳಿದೀನಿ. ಬಾಯಿಮಾತಿಗೆ ಹೇಳ್ತಿಲ್ಲ. ಭಾನುವಾರ ಆರನೇ ನಂಬರಿಗೆ ರಿಚೀನ ಇಳಿಸು ಅಂತ ನೀವು ಹೇಳಿದ್ರೆ ಇಳಿಸ್ತೀನಿ. ಹೇಳಿ, ಇಳಿಸ್ಲಾ?"

ಇಲ್ಲಿ ನನ್ನ ಪೆನ್ನು ಬಹಳ ದಿನ ನಿಂತಿತ್ತು. ನಾನು ಜಾಸ್‌ಗೆ ಉಪಾಯ ಹೇಳಿಕೊಟ್ಟೆ: "ಯೋಚನೆ ಮಾಡಿ ಹೇಳ್ತೀನಿ ಅನ್ನು. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ."

"ನಿನ್ನ ಹಾವು, ನಿನ್ನ ಕೋಲು, ನೀನೇ ಇಟ್ಕೋ," ಅಂದ ಜಾಸ್. "ಅವನು ಕೇಳಿದ್ದು ಆಟದ ಪ್ರಶ್ನೆ."

ಡೋರೀನ್‌ಳ ಕಡೆ ಒಮ್ಮೆ ನೋಡಿದ. ಮೈಕನ್ನು ಬಾಯಿಗೆ ಹಿಡಿದ.

"ಬೇಡ. ನೀವು ಮಾಡಿದ್ದೇ ಸರಿ. ಮೊದಲ್ನೇ ಆಟದಲ್ಲೇ ನಂಗೆ ಗೊತ್ತಾಗಿತ್ತು."

ಯಾವತ್ತೂ ಗೊರಗೊರ ಅನ್ನುವ ಮೈಕು ಅವತ್ತು ನೆಟ್ಟಗಿತ್ತು. ಕೊನೇ ಸಾಲಿನ ಕಿವುಡನಿಗೂ ಕೇಳಿಸಿತು.

ಡೋರೀನ್ ಎದ್ದಳು. "ಮೊದಲ್ನೇ ಆಟದಲ್ಲೇ ಗೊತ್ತಿತ್ತಾ?"

"ಹೂಂ."

"ಹಾಗಾದ್ರೆ ಇಷ್ಟು ದಿನ ನಾನು ಯಾರ ಜತೆ ಜಗಳ ಆಡ್ದೆ?"

"ನನ್ನ ಜತೇನೇ."

"ನೀನು ನನ್ನ ಕಡೇನೇ ಇದ್ಯಲ್ಲೋ! ಗೋಡೆ ಜತೆ ಕುಸ್ತಿಗೆ ಬಿಟ್ಟೆ ನನ್ನ. ಮನೇಲಿ ಮಕ್ಕಳಿಗೆ ಹೇಳ್ತಿದ್ದೆ, ಈ ಭಾನುವಾರ ಅವನನ್ನ ಒಪ್ಪಿಸೇ ಒಪ್ಪಿಸ್ತೀನಿ ಅಂತ. ಬಸ್ಸು ಬಿಟ್ನಲ್ಲೋ ನಾನು!"

ಜನ ನಕ್ಕರು. ಅವಳು ನಗಲಿಲ್ಲ. ಕೈಚೀಲ ತೆಗೆದುಕೊಂಡು ಹೊರಟಳು. ಯಾವತ್ತೂ ತಡವಾಗುವ ಬಸ್ಸು ಅವತ್ತು ಬಾಗಿಲಲ್ಲೇ ನಿಂತಿತ್ತು.

(ಬಸ್ಸನ್ನು ತಡ ಮಾಡಿಸುವುದು ನನ್ನ ಕೈಯಲ್ಲಿತ್ತು. ಯಾಕೆ ಮಾಡಿಸಲಿಲ್ಲ ಎಂದು ಜಾಸ್ ಇನ್ನೂ ಕೇಳುತ್ತಿದ್ದಾನೆ.)

೮. ಕೆಲವು ಮುಕ್ತಾಯಗಳು, ಯಾರಿಗಾದರೂ ಬೇಕಿದ್ದರೆ

ಅ) ಇಬ್ಬರೂ ಮದುವೆಯಾಗುತ್ತಾರೆ. (ಡೋರೀನ್: "ಮದ್ವೆನಾ? ಇವನನ್ನಾ? ಗಿಣಿ ಒಪ್ಪಲ್ಲ.")

ಆ) ಡೋರೀನ್ ನಿಜವಾಗಿ ರಿಚಿಯ ಪರ ಇದ್ದಳು, ಮಾತು ಬೆಳೆಯಲಿ ಎಂದೇ ಅವಳೂ ನಾಟಕವಾಡಿದ್ದಳು ಎಂದು ತಿಳಿಯುತ್ತದೆ. ಇದು ನನಗೆ ಬಹಳ ಇಷ್ಟವಾಗಿತ್ತು. ಓದಿ ಹೇಳಿದೆ. ಜಾಸ್ ತಲೆಯಾಡಿಸಿದ: "ಅಷ್ಟು ನುಣ್ಣಗೆ ಉಜ್ಜಬೇಡ. ಅವಳು ಸುಳ್ಳು ಹೇಳೋಳಲ್ಲ. ಹೇಳಿದ್ದು ನಾನೊಬ್ನೇ."

ಇ) ಜಾಸ್ ಮತ್ತು ಸಗ್ಡೆನ್ ಎರಡು ಮೀನು ತೆಗೆದುಕೊಂಡು ಒಂದೇ ಮೇಜಿನಲ್ಲಿ ಕೂರುತ್ತಾರೆ. ಬರೆದೆ. ಇಬ್ಬರಿಗೂ ಎಲ್ಲದರಲ್ಲೂ ಒಂದೇ ಅಭಿಪ್ರಾಯ. ಮೀನು ಮುಗಿಯುವ ಮೊದಲೇ ಮಾತು ಮುಗಿಯಿತು.

ಮೂರನ್ನೂ ಹೊಡೆದುಹಾಕಿದ್ದೇನೆ.

೯

ಹಚ್ಚಿದವನೇ ನೀರು ಸುರಿದರೂ ಬೆಂಕಿ ಆರಲಿಲ್ಲ. ಜಾಸ್ ತನ್ನನ್ನು ಕೋಚ್‌ಗೆ ಮಾರಿಕೊಂಡ ಎಂದು ಜನ ಇನ್ನೂ ಜೋರಾಗಿ ಕೂಗಿದರು. ಕ್ಲಬ್ಬಿನ ಸಮಿತಿಯವರು ಸಗ್ಡೆನ್‌ನನ್ನು ಒಳಗೆ ಕರೆದು, ಊರನ್ನು ಸಮಾಧಾನ ಮಾಡು ಅಂದರು. ಸಗ್ಡೆನ್ ಕಪಾಟನ್ನು ಕದಲಿಸಲಿಲ್ಲ. ರಿಚಿಯನ್ನು ಒಂದನೇ ನಂಬರಿಗೆ ಇಳಿಸಿದ, ಫುಲ್‌ಬ್ಯಾಕ್ ಆಗಿ, ಎಲ್ಲರಿಗಿಂತ ಹಿಂದೆ.

ಭಾನುವಾರ ಮೈದಾನದಲ್ಲಿ ಹಬ್ಬ. ರಿಚಿ ಓಡಿ ಬಂದಾಗ ಚಾದರ ಹಾರಿಸಿದರು. ಜಾಸ್ ತನ್ನ ಕಂಬಿ ಹಿಡಿದು ನಿಂತ, ರಿಚಿ ಎಲ್ಲಿ ಹೋಗಿ ನಿಂತನೆಂದು ನೋಡಿದ. ಪಕ್ಕಕ್ಕೆ ಸರಿಯುವವನನ್ನು ಕೊನೆಯಲ್ಲಿ ನಿಲ್ಲಿಸುವುದೇ? ಆರನೇ ನಂಬರಿನಲ್ಲಿ ಅವನು ಬಿಟ್ಟರೆ ಹಿಡಿಯಲು ಹಿಂದೆ ಇನ್ನೊಬ್ಬನಿರುತ್ತಾನೆ. ಒಂದನೇ ನಂಬರಿನ ಹಿಂದೆ ಗೆರೆ, ಗೆರೆಯ ಹಿಂದೆ ಗಾಳಿ.

"ತಲೆ ಕೆಟ್ಟಿದೆ ಇವನಿಗೆ!" ಎಂದು ಬಲಕ್ಕೆ ತಿರುಗಿದ.

ಬಲಕ್ಕೆ ಯಾರೂ ಇರಲಿಲ್ಲ.

ಡೋರೀನ್ ಬಂದಿದ್ದಳು. ಮೈದಾನದ ಆ ತುದಿಯಲ್ಲಿ, ಎದುರಾಳಿಯ ಜನರ ನಡುವೆ, ಅವಳ ಹಸಿರು ಟೋಪಿ ಕಾಣುತ್ತಿತ್ತು. ಅವಳ ಮುಂದೆಯೇ ರಿಚಿ ನಿಂತಿದ್ದ. ಅವಳ ಕಣ್ಣೆದುರೇ ಅವನು ಅಜ್ಜಿಗೆ ಸೀಟು ಬಿಟ್ಟುಕೊಟ್ಟ, ಒಮ್ಮೆ, ಮತ್ತೊಮ್ಮೆ. ಎರಡು ಸಲವೂ ಎದುರಾಳಿ ಚೆಂಡನ್ನು ಗೆರೆಯಾಚೆ ಊರಿದ. ಜನ ಸಗ್ಡೆನ್‌ನನ್ನೇ ಬೈದರು, ಕಪಾಟನ್ನೇ ಬೈದರು. ಇಡೀ ತುದಿಯಲ್ಲಿ ಕಾರಣ ಕಂಡವನು ಜಾಸ್ ಒಬ್ಬನೇ. ಹೇಳಿದರೆ ನಂಬುವವರು ಯಾರು?

ಹೂಟರ್ ಕೂಗಿತು. ಹಾಫ್ ಟೈಮ್. ಜನ ಪೈ ಹಿಡಿದು ಟೀ ಅಂಗಡಿಯ ಕಡೆಗೆ ಹರಿದರು. ಜಾಸ್ ಮೂಲೆಯಲ್ಲಿ ನಿಂತ. ಹಸಿರು ಟೋಪಿ ಅಲುಗಿತು, ಗುಂಪಿನಲ್ಲಿ ಮುಳುಗಿತು.

"ಯಾವ ಕಡೆಯಿಂದ ಬರ್ತಾಳೆ?" ಎಂದು ಅವನು ನನ್ನನ್ನು ಕೇಳಿದ. "ಗೋಡೆ ಕಡೆಯಿಂದಾನಾ, ಟೀ ಅಂಗಡಿ ಕಡೆಯಿಂದಾನಾ? ಅಷ್ಟು ಹೇಳು ಸಾಕು."

"ಬರ್ತಾಳೆ ಅಂತ ನಾನು ಹೇಳಿಲ್ಲ."

"ಬರಲ್ಲ ಅಂತಾನೂ ಹೇಳಿಲ್ಲ."

ಅದು ನಿಜ. ಹೇಳಿಲ್ಲ, ಹೇಳುವುದೂ ಇಲ್ಲ. ಅವನು ಗೋಡೆಯ ಕಡೆ ಹೋಗಿ ಅವಳು ಅಂಗಡಿಯ ಕಡೆ ಬಂದರೆ, ಮತ್ತೆ ಅವನು ಆ ತುದಿ, ಅವಳು ಈ ತುದಿ. ಅವಳು ಅಲ್ಲೇ ನಿಂತಿದ್ದರೂ ನಿಂತಿರಬಹುದು. ನನಗೆ ಗೊತ್ತಿದ್ದರೆ ನಿಮಗೆ ಹೇಳುವ ಮೊದಲು ಅವನಿಗೆ ಹೇಳುತ್ತಿದ್ದೆ. ಆಟಗಾರರು ಇನ್ನೂ ಒಳಗಿದ್ದಾರೆ. ಎರಡನೇ ಅರ್ಧಕ್ಕೆ ನಾನು ಹಾಳೆ ತಂದಿಲ್ಲ.

ಜಾಸ್ ಕಾಲರ್ ಏರಿಸಿ ಗೋಡೆಯ ಕಡೆಗೆ ತಿರುಗಿದ್ದಾನೆ. ಅಲ್ಲಿ ಯಾರೂ ಇಲ್ಲ, ಗಾಳಿ ಇದೆ. ಬಾಯಲ್ಲಿ ಮಾತು ಸಿದ್ಧವಾಗಿದೆ, ಆರಿಲ್ಲ: ಈ ಸಲ ನಿಜವಾಗ್ಲೂ ತಪ್ಪು ಮಾಡಿದಾನೆ, ಮಾರಾಯ್ತಿ.