ನಿಂತು ಕೂಗುವ ಅಕ್ಷರದ ಸುಚಿತ್ರಾ

ರಾಣೆಬೆನ್ನೂರಿನಲ್ಲಿ ಬೋರ್ಡು ಬರೆಯುವ ಸುಚಿತ್ರಾ ನೆಲ ನೋಡಿ ನಡೆದದ್ದನ್ನು ನಾನಂತೂ ಕಂಡಿಲ್ಲ. ತುರುಬಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು, ಅಂಗಡಿಗಳ ಹೆಸರುಗಳಲ್ಲೇ ದೃಷ್ಟಿ ನೆಟ್ಟು ಸಾಗುವ ಈ ಮಹಾತಾಯಿ ಒಮ್ಮೆ ದಾರಿಯಲ್ಲಿ ನಿಂತ ಎತ್ತಿಗೆ ಢಿಕ್ಕಿ ಹೊಡೆದು, "ಸ್ವಲ್ಪ ಸರೀರಿ" ಎಂದು ಅದಕ್ಕೇ ಮರ್ಯಾದೆಯಿಂದ ಹೇಳಿ ಮುಂದೆ ಹೋದಳು. ಅಕ್ಷರಗಳನ್ನಂತೂ ಬೀಗರನ್ನು ಆಡಿಕೊಳ್ಳುವಂತೆ ಆಡಿಕೊಳ್ಳುತ್ತಾಳೆ: "ಈ 'ಕ' ನೋಡ್ರಿ, ಎಷ್ಟ್ ಸೊಕ್ಕಿನಾಂವ ಅದಾನ!"

ಅವಳೇ ತಿದ್ದಿ ತೀಡಿದ ಅಕ್ಷರಜಾತಿಯೊಂದಿದೆ. ಬ್ಯಾಡಗಿ ಮೆಣಸಿನಕಾಯಿಯ ಹಾಗೆ ನೀಳ, ಕೃಶ. ನಿಲುವುಗೆರೆ ದಪ್ಪ, ಅಡ್ಡಗೆರೆ ತೆಳುವು, ಗೆರೆ ಮುಗಿಯುವಲ್ಲೆಲ್ಲ ಪುಟ್ಟದೊಂದು ಮೊನೆ. ನಮ್ಮ ದುಂಡು ಲಿಪಿಯನ್ನು ಹೀಗೆ ಉಪವಾಸ ಕೆಡವುವುದು ಯಾವ ನ್ಯಾಯವೆಂದು ಕೆಣಕಿದೆ. ನನ್ನ ಪುಸ್ತಕವನ್ನು ಇದರಲ್ಲೇ ಅಚ್ಚು ಹಾಕಿಸಲೇ ಎಂದೂ ಕೇಳಿದೆ.

"ಬ್ಯಾಡ್ರಿ ಸರ್, ಓದಾವ್ರ ಕಣ್ಣು ಹೋಗ್ತಾವ. ಇವು ನಿಂತು ಕೂಗೋ ಅಕ್ಷರ, ಕುಂತು ಮಾತಾಡೋವಲ್ಲ," ಎಂದಳು.

ಆ ಕೂಗಿನ ಬಲ ತಿಳಿದದ್ದು ಬ್ಯಾಡಗಿಯಲ್ಲಿ. ತೀರಿಹೋದ ತಿರಕಪ್ಪನ ಮೆಣಸಿನಕಾಯಿ ದಲಾಲಿ ಅಂಗಡಿಯನ್ನು ಮಕ್ಕಳಾದ ಸಿದ್ದೇಶ, ಚನ್ನೇಶ ಇಬ್ಬರೂ ನಡುವೆ ಗೋಡೆ ಎಬ್ಬಿಸಿ ಹಂಚಿಕೊಂಡಿದ್ದರು. ರೈತರು ಬರುವುದೇ ಅಪ್ಪನ ಹೆಸರು ನಂಬಿ. ಅದನ್ನು ಇಬ್ಬರೂ ಬಿಡಲೊಲ್ಲರು. ಹಳೆಯ ಬೋರ್ಡಿನ ಉದ್ದನೆಯ ಹೆಸರನ್ನೇ ಕಂಪ್ಯೂಟರಿನಲ್ಲಿ ಎರಡೂ ಬದಿಯಿಂದ ಒತ್ತಿಸಿ, ಅರ್ಧ ಅಗಲದ ಎರಡು ಫ್ಲೆಕ್ಸ್ ಕಟ್ಟಿದರು. ಅಯ್ಯೋ, ನಿಲುವುಗೆರೆಗಳು ಕೂದಲೆಳೆಯಾದವು, ಅಡ್ಡಗೆರೆಗಳು ಮಾತ್ರ ದಪ್ಪಗೆ ಉಳಿದವು. ರಸ್ತೆಯಾಚೆಯಿಂದ ನೋಡಿದರೆ ಬರೀ ಪಟ್ಟೆ! ಅಂಗಡಿ ಮುಚ್ಚಿತೆಂದೇ ತಿಳಿದ ರೈತರು ಚೀಲಗಳನ್ನು ಬೇರೆಡೆ ಇಳಿಸತೊಡಗಿದರು. ಅಣ್ಣ ತಮ್ಮನನ್ನು ಬೈದ, ತಮ್ಮ ಅಣ್ಣನನ್ನು ಬೈದ. ಹೀಗೇ ಬಿಟ್ಟರೆ ಗಂಡ ಗಳಿಸಿದ ಹೆಸರೇ ಅಳಿಸಿಹೋದೀತೆಂದು ಹೆದರಿದ ತಾಯಿ ಮಂಗಳವ್ವ ಸುಚಿತ್ರಾಳನ್ನು ಕರೆಸಿದಳು. ಕುತೂಹಲ ತಡೆಯದೆ ನಾನೂ ಹಿಂದೆಯೇ ಹೋದೆ.

"ನಂದರಾಗ ಅಕ್ಷರ ಒಂಚೂರು ಎತ್ತರ ಇರಲಿ," ಎಂದು ಸಿದ್ದೇಶ ಅವಳನ್ನು ಬದಿಗೆ ಕರೆದು ಹೇಳಿದ. ಚನ್ನೇಶನೂ ಬದಿಗೆ ಕರೆದು ಅದನ್ನೇ ಹೇಳಿದ.

ಸುಚಿತ್ರಾ ಇಬ್ಬರನ್ನೂ ಎದುರು ನಿಲ್ಲಿಸಿದಳು. "ಒಬ್ಬಂಗ ಎತ್ತರ ಬರದ್ರ ಇನ್ನೊಬ್ಬನ ಅಪ್ಪ ಗಿಡ್ಡ ಆಗ್ತಾನ. ಅದು ನನ್ನ ಕಡಿಂದ ಆಗಾಕಿಲ್ಲ."

ತನ್ನ ಆ ನೀಳ ಅಕ್ಷರಗಳಲ್ಲೇ, ಗೆರೆಯ ದಪ್ಪ ಮುಟ್ಟದೆ ಒಳಗಿನ ಹೊಟ್ಟೆಯನ್ನಷ್ಟೇ ಕುಗ್ಗಿಸಿ, ಒಂದೇ ಎತ್ತರದಲ್ಲಿ ಎರಡೂ ಬೋರ್ಡು ಬರೆದಳು. ಮುಂದಿನ ಸಂತೆಯಂದು ಹಲಗೇರಿಯ ರೈತನೊಬ್ಬ ರಸ್ತೆಯಾಚೆಯೇ ಟ್ರ್ಯಾಕ್ಟರ್ ನಿಲ್ಲಿಸಿ ಕೂಗಿದ: "ಏ, ಅಲ್ಲೈತಲ್ಲೋ ತಿರಕಪ್ಪನೋರ ಅಂಗಡಿ!"

ಮಂಗಳವ್ವ ಬೀದಿಗಿಳಿದು, ಹಣೆಗೆ ಕೈಯೊಡ್ಡಿ ಬಹಳ ಹೊತ್ತು ನೋಡಿದಳು. "ನಮ್ಮನಿಯವರ ಹೆಸರು ಎರಡಾತು ಖರೇ. ಆದ್ರ ಸಣ್ಣ ಆಗಲಿಲ್ಲ ನೋಡವ್ವಾ," ಎಂದು ಸುಚಿತ್ರಾಳ ಕೈ ಹಿಡಿದು ಗಳಗಳನೆ ಅತ್ತುಬಿಟ್ಟಳು.

ಜಾಗ ಕಿರಿದಾಯಿತೆಂದು ಹೆಸರನ್ನೇ ಮೊಟಕುಗೊಳಿಸುವ ಜನ ಲೋಕದಲ್ಲಿ ಬೇಕಾದಷ್ಟಿದ್ದಾರೆ. ಉಳಿದಷ್ಟೇ ಜಾಗದಲ್ಲಿ ಇನ್ನೊಬ್ಬರ ಹೆಸರನ್ನು ಪೂರ್ತಿ ನಿಲ್ಲಿಸಿಕೊಡುವವರು ಊರಿಗೊಬ್ಬರಿದ್ದರೂ ಮುರಿದ ಮನೆಗಳ ಮರ್ಯಾದೆ ಉಳಿಯುತ್ತದೆ.